ಮಸ್ಕಿ ಗೋದಾಮಿನ ಸೀಟಿ

ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ನಾನು ಹತ್ತೊಂಬತ್ತು ವರ್ಷ ಭತ್ತ ಪರೀಕ್ಷೆ ಮಾಡುತ್ತಿದ್ದೆ. ಒಂದು ಕಾಳು ಕಡಿದು ಎಷ್ಟು ಹಸಿ ಇದೆ, ಎಷ್ಟು ನುಚ್ಚಾಗುತ್ತದೆ ಎಂದು ಹೇಳುವುದೇ ನನ್ನ ನೌಕರಿ. ಅಷ್ಟು ಹೊತ್ತೂ ರೈತರು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು.

ಹೋದ ವರ್ಷ ಅದನ್ನೆಲ್ಲ ತಾನೇ ನೋಡುವ ಯಂತ್ರ ಬಂತು. ಪೂಜೆಗೆ ತೆಂಗಿನಕಾಯಿ ಒಡೆದವನು ನಾನೇ. ಪ್ರಸಾದ ತಿನ್ನುವಾಗ ಗಿರಣಿಯ ಸಣ್ಣ ಮಾಲೀಕರು ಹೆಗಲ ಮೇಲೆ ಕೈಯಿಟ್ಟರು.

"ಕಾಕಾ, ಇನ್ನ ನಿಮಗ ಆರಾಮ. ನಮ್ಮ ಮಸ್ಕಿ ಗೋದಾಮಿನ ಗೇಟಿನ್ಯಾಗ ಕುಂದರ್ರಿ. ಪಗಾರ ಸ್ವಲ್ಪ ಕಮ್ಮಿ, ಗಾಳಿ ಭಾಳ ಚಲೋ."

ಒಂದು ಕಾಗದವನ್ನೂ ಕೊಟ್ಟರು: 'ಕಾವಲುಗಾರನ ಕೆಲಸವನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡಿದ್ದೇನೆ.' ಕನ್ನಡಕ ಮನೆಯಲ್ಲಿದೆ ಎಂದು ಸುಳ್ಳು ಹೇಳಿ ಅದನ್ನು ಊಟದ ಚೀಲಕ್ಕೆ ಹಾಕಿಕೊಂಡೆ. ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ, ಸಹಿ ಮಾಡುವ ಮನಸ್ಸೂ ಇರಲಿಲ್ಲ.

ಮರುದಿನ ಮಸ್ಕಿಯಲ್ಲಿ ಹಳೆಯ ಕಾವಲುಗಾರನ ಸಮವಸ್ತ್ರ ಸಿಕ್ಕಿತು. ಆ ಪ್ಯಾಂಟಿನಲ್ಲಿ ನನ್ನಂಥ ಇಬ್ಬರು ಹಿಡಿಯುತ್ತಿದ್ದರು; ಒಂದು ಕೈ ಸದಾ ಸೊಂಟದ ಮೇಲೆಯೇ. ಇನ್ನೊಂದು ಕೈಯಲ್ಲಿ ಸೀಟಿ. ಮಧ್ಯಾಹ್ನ ಪಾಮನಕಲ್ಲೂರಿನ ಪರಿಚಯದ ರೈತರೊಬ್ಬರು ಬಂದು, ನನ್ನ ಟೋಪಿ ನೋಡಿಯೂ ನೋಡದವರಂತೆ ಹಿಡಿ ಭತ್ತ ಮುಂದೆ ಚಾಚಿದರು.

"ನೋಡ್ರಿ ಸ್ವಲ್ಪ."

ನಾಲ್ಕು ಕಾಳು ಬಾಯಿಗೆ ಹಾಕಿದ್ದೇ ತಡ, ಲಾರಿಯೊಂದು ಗೇಟಿನತ್ತ ಹಿಂದಕ್ಕೆ ಬರತೊಡಗಿತು. ಗಾಬರಿಯಲ್ಲಿ ಸೀಟಿ ಊದಿದೆ. ಕಾಳು ಸೀಟಿಯೊಳಗೆ ಸಿಕ್ಕಿತು, ಸದ್ದೇ ಬರಲಿಲ್ಲ. ಕೂಗಲು ಎರಡೂ ಕೈ ಎತ್ತಿದೆ. ಪ್ಯಾಂಟು ಕೆಳಗಿಳಿಯಿತು. ಡ್ರೈವರ್ ಕನ್ನಡಿಯಲ್ಲಿ ಅದನ್ನು ಕಂಡು ಬ್ರೇಕ್ ಹಾಕಿದ್ದರಿಂದ ಗೇಟು ಉಳಿಯಿತು. ನನ್ನ ಮಾನ ಉಳಿಯಲಿಲ್ಲ.

ರಾತ್ರಿಯ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ಕಾಗದ ಓದಿ ನಗು ನಿಲ್ಲಿಸಿದಳು.

"ಇದಕ್ಕ ಸಹಿ ಮಾಡಬ್ಯಾಡ್ರಿ. ಮೊದಲ ಲಿಂಗಸುಗೂರಿಗೆ ಹೋಗಿ ನಮ್ಮ ಮಾವನ್ನ ಕೇಳ್ರಿ."

ಅವಳ ಸೋದರಮಾವ ಕಾರ್ಮಿಕ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮರುದಿನ ಹೋದಾಗ ಕಾಗದವನ್ನು ಎರಡು ಸಲ ಓದಿದರು.

"ಅಳಿಯಂದ್ರ, ನಿಮ್ಮ ಕೆಲಸ ತಗದು ಕೆಳಗಿನ ಕೆಲಸ ಕೊಟ್ಟಾರ. ಒಲ್ಲೆ ಅನ್ನಾಕ ನಿಮಗ ಹಕ್ಕೈತಿ. ಒಲ್ಲೆ ಅಂದ್ರ ರಾಜೀನಾಮೆ ಕೊಟ್ಟಂಗಲ್ಲ, ಅವರೇ ನಿಮ್ಮನ್ನ ತಗದಂಗ. ನೋಟಿಸು ಕೊಡಬೇಕು, ದುಡಿದ ವರ್ಷಕ್ಕ ತಕ್ಕ ಪರಿಹಾರ ಕೊಡಬೇಕು."

"ಒಂದು ದಿನ ಟೋಪಿ ಹಾಕ್ಕೊಂಡೀನಲ್ರಿ ಮಾವ, ಅದು ಒಪ್ಪಿಗಿ ಆತೇನು?"

"ಒಂದು ದಿನಕ್ಕೇನೂ ಆಗಂಗಿಲ್ಲ. ಸುಮ್ನ ತಿಂಗಳಗಟ್ಲೆ ಹಾಕ್ಕೊಂಡ್ರ ಒಪ್ಪೀರಿ ಅಂತಾರ. ಇವತ್ತ ಬರದು ಕೊಡ್ರಿ, ನಕಲು ಇಟ್ಕೊಳ್ರಿ."

ಅವರು ಹೇಳಿದಂತೆಯೇ ಒಲ್ಲೆ ಎಂದು ಬರೆದು ಗಿರಣಿಗೆ ಹೋಗಿ ಕೊಟ್ಟೆ. ಸಣ್ಣ ಮಾಲೀಕರ ಮುಖ ಕೆಂಪಾಯಿತು. "ಕೆಲಸ ಕೊಟ್ಟೀನಿ, ತಗದೀನಿ ಅಂತೀರಲ್ಲ ಕಾಕಾ!" ಆದರೂ ಹೇಳಿದೆ: "ನಾ ಮಾಡ್ತಿದ್ದ ಕೆಲಸ ಎಲ್ಲೈತ್ರಿ? ಅದನ್ನ ಕೊಡ್ರಿ, ಈಗಲೇ ಕುಂದರ್ತೀನಿ."

ಉತ್ತರಕ್ಕೆ ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಮಾಲೀಕರು ತಮ್ಮ ವಕೀಲರನ್ನು ಕೇಳಿರಬೇಕು. ಕರೆಸಿ, ನೋಟಿಸಿನ ಸಂಬಳ ಮತ್ತು ಪರಿಹಾರ ಎರಡನ್ನೂ ಚೆಕ್ಕಿನಲ್ಲಿ ಕೊಟ್ಟರು. ಚಹಾ ತರಿಸಿದರು. ಇಬ್ಬರೂ ಕುಡಿದೆವು. ಹೊರಗೆ ಬಂದಾಗ ಗೆದ್ದೆ ಎನಿಸಲಿಲ್ಲ.

ಈಗ ಸಿಂಧನೂರಿನಲ್ಲೇ ಬೀಜದ ಅಂಗಡಿಯೊಂದರಲ್ಲಿ ಕೂರುತ್ತೇನೆ. ಮೊದಲ ವಾರ ಪ್ರತಿದಿನ ತಪ್ಪದೆ ಹಳೆಯ ಗಿರಣಿಯ ರಸ್ತೆಗೇ ಬೈಕು ತಿರುಗಿಸಿ, ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬರುತ್ತಿದ್ದೆ.