ದೇಶದ ಎಣ್ಣೆ, ಕಾಕಾನ ಬಾವಿ

ಹೋದ ವಾರ ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಒಂದು ಬಾಟಲಿ ನೀರು ಕೊಂಡೆ. ಚೌಕಾಸಿ ಮಾಡಲಿಲ್ಲ. ಗೋಕಾಕದಲ್ಲಿ ಹಳೇ ಪಂಪ್‌ಸೆಟ್ಟು ಕೊಂಡು ಮಾರಿ ಮೇಲೆ ಬಂದವನು ನಾನು. ಕೇಳಿದ ದರ ಕೊಡುವ ಪೈಕಿ ಅಲ್ಲ. ಆದರೆ ಬಾಜೂ ನಿಂತಿದ್ದ ಟ್ಯಾಂಕರಿನಿಂದ ಸುಟ್ಟ ಬೆಲ್ಲ ಕೊಳೆತಂಥ ವಾಸನೆ ಬಂದು ಗಂಟಲು ಹಿಡಿದುಬಿಟ್ಟಿತ್ತು. ಆ ವಾಸನೆಯ ಹಿಂದೆಯೇ ನಮ್ಮೂರು ಮಮದಾಪುರದ ಮಿಲಿಟರಿ ಕಾಕಾ ನೆನಪಾದರು…

ನಮ್ಮ ನೆರೆಮನೆಯವರು. ಫೌಜಿನಿಂದ ಪೆನ್ಶನ್ ಮೇಲೆ ಬಂದು ಹೊಲ ಹಿಡಿದಿದ್ದರು. ಇಡೀ ಓಣಿ ಕುಡಿಯುತ್ತಿದ್ದುದು ಅವರ ಬಾವಿಯ ನೀರು. ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಎಲ್ಲರಿಗೂ ಸಜ್ಜಿರೊಟ್ಟಿ ಬಡಿಸಿದ ಮೇಲೆ ಕಾಕಾ ತಾವೇ ಕೊಡ ಸೇದಿ ತಂಬಿಗೆ ತುಂಬಿಸುತ್ತಿದ್ದರು.

"ಕುಡೀರಿ, ಇದಕ್ಕ ಬಿಲ್ ಬರೂದಿಲ್ಲ."

ಸಮೀಪದ ಸಕ್ಕರೆ ಕಾರ್ಖಾನೆಯವರು ಕಬ್ಬಿನ ಕಾಕಂಬಿಯಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತೆಗೆಯುತ್ತೇವೆ ಎಂದಾಗ ಊರಲ್ಲಿ ಗುಸುಗುಸು ಎದ್ದಿತು. ಗ್ರಾಮಸಭೆಯಲ್ಲಿ ಅದನ್ನು ಅಡಗಿಸಿದವರು ಕಾಕಾ.

"ಮರಳುಗಾಡಿನ ಗಡಿ ಚೌಕ್ಯಾಗ ನಮಗ ಎರಡ ಗಾಡಿ ಬರ್ತಿದ್ವು. ಒಂದು ನೀರಿಂದು, ಒಂದು ಡೀಸೆಲ್ಲಿಂದು. ಒಂದು ನಿಂತ್ರೂ ಚೌಕಿ ಬಿಟ್ಟು ಬರಬೇಕ್ರಿ. ಹೊರದೇಶದ ಎಣ್ಣಿ ನಂಬಿ ಎಷ್ಟ ದಿನ ಕುಂದ್ರೋದು? ನಮ್ಮ ಕಬ್ಬಿನಾಗ ಎಣ್ಣಿ ಐತಿ, ರೊಕ್ಕಾನೂ ಐತಿ!"

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮಾತು ಖರೆ ಇತ್ತು, ಇಂದಿಗೂ ಖರೆ.

ಎಥೆನಾಲ್ ಇಳಿಸಿದ ಮೇಲೆ ಉಳಿಯುವ ಕಪ್ಪು ನೀರನ್ನು ಗೊಬ್ಬರವೆಂದು ಟ್ಯಾಂಕರಿನಲ್ಲಿ ಹೊಲಗಳಿಗೆ ಪುಕ್ಕಟೆ ತಂದು ಬಿಡುತ್ತಿದ್ದರು. ಊರಿಗೆ ಧೈರ್ಯ ಬರಲೆಂದು ಕಾಕಾ ಮೊದಲು ತಮ್ಮ ಹೊಲಕ್ಕೇ ಬಿಡಿಸಿಕೊಂಡರು, ಅದೂ ಬಾವಿಯ ಮೇಲ್ಗಡೆಯ ಪಟ್ಟಿಗೆ.

"ಕಾಕಾ, ಪುಕ್ಕಟೆ ಕೊಡಾಕತ್ತಾರಂದ್ರ ಅವ್ರಿಗೇ ಏನೋ ಉಳೀತೈತ್ರಿ," ಎಂದೆ.

"ವ್ಯಾಪಾರಿ ನೀ. ಹೆತ್ತವ್ವ ಊಟಕ್ಕ ಕರದ್ರೂ ಲಾಭ ಯಾರಿಗಂತ ಕೇಳಾಂವ!" ಎಂದು ಬೆನ್ನಿಗೆ ಗುದ್ದಿದರು.

ಆ ವರ್ಷ ಕಬ್ಬು ಎರಡಾಳೆತ್ತರ ಬೆಳೆಯಿತು. ಊರೇ ಟ್ಯಾಂಕರಿಗೆ ದುಂಬಾಲು ಬಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಮುಂದೆ ಒಂದು ಎಳ್ಳಮಾಸಿಗೆ ಕಾಕಾ ಸೇದಿದ ನೀರು ಚಹಾದ ಬಣ್ಣಕ್ಕಿತ್ತು. ಯಾರೂ ತಂಬಿಗೆ ಒಡ್ಡಲಿಲ್ಲ. ಅವರ ಹೆಂಡತಿ, ನಮ್ಮ ಕಾಕೂ, ಎಲ್ಲರೆದುರೇ ಅಂದುಬಿಟ್ಟರು: "ದೇಶ ಕಾಯ್ದು ಬಂದ್ರಿ. ಮನೀ ಬಾವಿ ಕಾಯಾಕ ಆಗ್ಲಿಲ್ಲ."

ಕಾಕಾ ಕೊಡ ಬಗ್ಗಿಸಿ ತಂಬಿಗೆ ತುಂಬಿಸಿದರು. ತಂಬಿಗೆ ಎತ್ತಿ ಆ ನೀರನ್ನು ಗಟಗಟ ಕುಡಿದರು. ತಡೆಯಲು ಹೋದೆ, ಕೈ ಸರಿಸಿದರು…

ನಾವು ಕಾರ್ಖಾನೆಗೆ ಹೋದರೆ, ನೀವೇ ಬಿಡಿಸಿಕೊಂಡಿದ್ದಲ್ಲವೇ ಎಂದರು. ಸರ್ಕಾರಿ ಕಚೇರಿಗೆ ಹೋದರೆ, ಮೊದಲು ನೀರು ಚೆನ್ನಾಗಿತ್ತು ಎನ್ನುವುದಕ್ಕೆ ಆಧಾರ ಕೇಳಿದರು. ಹೆಂಗಸರು ಕೊಡ ಹಿಡಿದು ಊರಾಚೆಯ ಬೋರಿಗೆ ನಡೆದರು. ಅವರು ಹಾದುಹೋಗುವ ಹೊತ್ತಿಗೆ ಕಾಕಾ ಕಟ್ಟೆಯಿಂದೆದ್ದು ಒಳಗೆ ಹೋಗುತ್ತಿದ್ದರು. ಒಮ್ಮೆ ಮಾತ್ರ ನನ್ನೆದುರು ಬಾಯಿಬಿಟ್ಟರು.

"ವೈರಿ ಯಾರೂ ಬರಲಿಲ್ಲ ತಮ್ಮಾ. ನಾನ ಚೌಕಿ ಬಿಟ್ಟುಕೊಟ್ಟೆ."

ಕಾಕಾ ಈಗಿಲ್ಲ. ಬಾವಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದ್ದಾರೆ. ಎಥೆನಾಲ್ ಗಾಡಿಗಳು ಓಡುತ್ತಲೇ ಇವೆ. ನಿಲ್ಲಿಸಿ ಎಂದು ನಾನು ಹೇಳಲಾರೆ. ನನ್ನ ಗಾಡಿಯೂ ಅದನ್ನೇ ಕುಡಿದು ಓಡುತ್ತದೆ. ಆದರೆ ಮೂಡಲಗಿಯಲ್ಲಿರಲಿ, ಹುಕ್ಕೇರಿಯಲ್ಲಿರಲಿ, ನಾಳೆ ನಿಮ್ಮೂರಿಗೂ ಇಂಥದ್ದು ಬಂದಾಗ ಒಪ್ಪುವ ಮೊದಲೇ ಬಾವಿಯ ನೀರು ಪರೀಕ್ಷೆ ಮಾಡಿಸಿ, ವರದಿ ಮನೆಯಲ್ಲಿಡಿ. ಬಾವಿಗಿಂತ ಎತ್ತರದ ಹೊಲಕ್ಕೆ ಏನನ್ನೂ ಬಿಡಿಸಿಕೊಳ್ಳಬೇಡಿ. ನೀರು ಕೆಟ್ಟರೆ ಕುಡಿಯುವ ನೀರು ಯಾರು ತಂದುಕೊಡುತ್ತಾರೆ ಎಂಬುದನ್ನು ಗ್ರಾಮಸಭೆಯಲ್ಲೇ ಬರೆಯಿಸಿ, ಸಹಿ ಹಾಕಿಸಿಕೊಳ್ಳಿ. ದೇಶದ ಹೆಸರು ಹೇಳಿದರೆಂದು ಚೌಕಾಸಿ ಬಿಡಬೇಡಿ. ನಿಮ್ಮ ಬಾವಿಯೂ ದೇಶದ ಒಳಗೇ ಇದೆ.