ಹಗ್ಗ ಯಾರ ಕೈಯಾಗ ಐತಿ?

ಬಿಸಿಲಿಗೆ ಇಟ್ಟಿದ್ದ ಈಜುರೆಕ್ಕೆಗಳನ್ನು ಒಳಗೆ ತರುವಾಗ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಕಾರವಾರದ ಬಾಲ್ಕನಿಯಲ್ಲಿ ನಿಂತವಳು ಅಲ್ಲಿಂದ ಸೀದಾ ಉಗರಗೋಳಕ್ಕೆ, ನಮ್ಮಜ್ಜಿಯ ಹಿತ್ತಲಿನ ಬಾವಿಕಟ್ಟೆಗೆ ಹೋಗಿ ಕುಳಿತಂತಾಯಿತು. ಅಲ್ಲಿಯೂ ಹೀಗೇ ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದು ಕಾಯುತ್ತ ಬಿದ್ದಿರುತ್ತಿತ್ತು. ಅದನ್ನು ತಂದವರು ನಾನು ಕಾಕಾ ಎಂದು ಕರೆಯುತ್ತಿದ್ದ, ಬಾವಿಗೆ ಬಿದ್ದ ಕೊಡಗಳನ್ನು ತೆಗೆದುಕೊಡುತ್ತಿದ್ದ ಮನುಷ್ಯ.

ನಾಳೆ ನಮ್ಮ ತಂಡ ಮುರುಡೇಶ್ವರದಿಂದ ದೋಣಿ ಹತ್ತಬೇಕು. ಸಮುದ್ರದ ತಳದ ಬಂಡೆಗಳಿಗೆ ಸಿಕ್ಕಿ ಉಳಿದ ಹರಕು ಬಲೆಗಳಲ್ಲಿ ಮೀನು, ಆಮೆಗಳು ಸಿಲುಕಿ ಸಾಯುತ್ತವೆ. ನಾವು ಸಿಲಿಂಡರ್ ಕಟ್ಟಿಕೊಂಡು ಇಳಿದು ಅವನ್ನು ಕತ್ತರಿಸಿ ಮೇಲೆ ತರುತ್ತೇವೆ. ಯಾರೂ ಕರೆದು ಕೊಟ್ಟ ಕೆಲಸವಲ್ಲ, ನಾವೇ ಮೈಮೇಲೆ ಎಳೆದುಕೊಂಡಿದ್ದು. ಏನೇನು ತರಬೇಕೆಂದು ಮುಖ್ಯಸ್ಥರು ಪಟ್ಟಿ ಕಳಿಸಿದ್ದಾರೆ. ಮುಖಕ್ಕೆ ಮಾಸ್ಕ್, ಕೈಗವಸು, ಸೀಟಿ, ಬಲೆ ತುಂಬಲು ಜಾಳಿಗೆ ಚೀಲ, ಡಾಕ್ಟರ ಸರ್ಟಿಫಿಕೇಟು, ದೋಣಿಯಲ್ಲಿ ವಾಂತಿಯಾಗದ ಹಾಗೆ ಮಾತ್ರೆ... ಮತ್ತೆ ಒಂದು ಚಾಕು. ಕಾಕಾ ನೋಡಿದ್ದರೆ ನಕ್ಕುಬಿಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಮೂರೇ ಸಾಮಾನು: ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿ, ಸೊಂಟದ ಚಾಕು, ಒಂದು ಹಗ್ಗ.

ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದವರು ನಮ್ಮ ಬಾವಿಯಲ್ಲಿ ನೀರು ಸೇದುತ್ತಿದ್ದರು. ಪ್ರತಿ ಸಲವೂ ಒಂದೆರಡು ಕೊಡ ತಳ ಸೇರುವುದು ಇದ್ದದ್ದೇ. ಕಾಕಾ ಬಂದು ಪಾತಾಳಗರಡಿ ಬಿಟ್ಟು ಜಾಲಾಡುತ್ತಿದ್ದರು. ಅದಕ್ಕೆ ಸಿಗದಿದ್ದರೆ ತಾವೇ ಮುಳುಗುವುದು. ಆದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತು ಒಂದು ಮಾತು ಕೇಳದೆ ಎಂದೂ ನೀರಿಗೆ ಇಳಿಯುತ್ತಿರಲಿಲ್ಲ.

"ಹಗ್ಗ ಯಾರ ಕೈಯಾಗ ಐತಿ?"

ಮೇಲಿದ್ದವರು ಗಟ್ಟಿಯಾಗಿ "ನನ್ನ ಕೈಯಾಗ ಐತಿ" ಅನ್ನಬೇಕು. ಗೋಣು ಹಾಕಿದರೆ ನಡೆಯುತ್ತಿರಲಿಲ್ಲ. ಒಮ್ಮೆ ನಮ್ಮಜ್ಜ, ಪಂಚಾಂಗದಲ್ಲಿ ಮುಳುಗಿದ್ದವರು, ಬರೀ "ಹ್ಞೂಂ" ಅಂದದ್ದಕ್ಕೆ ಕಾಕಾ ಹಗ್ಗ ಬಿಚ್ಚಿ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ಅಜ್ಜ ಪಂಚಾಂಗ ಮಡಚಿ ಸರಿಯಾಗಿ ಉತ್ತರ ಕೊಟ್ಟ ಮೇಲೆಯೇ ಕೊಡ ಮೇಲೆ ಬಂತು.

ಬೇಸಿಗೆ ರಜೆಯಲ್ಲಿ ನನಗೆ ಈಜು ಕಲಿಸಿದವರೂ ಅವರೇ. ಹೆಣ್ಣು ಹುಡುಗಿಗೆ ಈಜು ಯಾಕೆ ಎಂದು ಗೊಣಗುತ್ತಲೇ ಅಜ್ಜಿ ಒಪ್ಪಿದ್ದರು. ಮೊದಲು ಟ್ಯೂಬು, ಆಮೇಲೆ ಬರೀ ಹಗ್ಗ. "ನೀರಾಗ ಏನರ ಸಿಕ್ಕೊಂಡ್ರ ಜಗ್ಗಬ್ಯಾಡ ತಂಗಿ. ಜಗ್ಗಿದಷ್ಟೂ ಬಿಗೀತೈತಿ. ಸುಮ್ನ ನಿಂದರು" ಎಂದು ದಿನಾ ಹೇಳುತ್ತಿದ್ದರು.

ನನಗೋ ಎರಡು ವಾರಕ್ಕೇ ಕೋಡು ಮೂಡಿದ್ದವು. ಒಂದು ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ, ಕಾಕಾ ಬರುವುದರೊಳಗೆ ತಳಕ್ಕೆ ಬಿದ್ದಿದ್ದ ತಂಬಿಗೆಯೊಂದನ್ನು ತೆಗೆದು ತೋರಿಸಬೇಕೆಂದು, ಟ್ಯೂಬನ್ನು ನೀರಿಗೆ ಎಸೆದು ಒಬ್ಬಳೇ ಇಳಿದೆ. ಹಗ್ಗವಿಲ್ಲ, ಮೇಲೆ ಯಾರೂ ಇಲ್ಲ. ಮುಳುಗಿದ್ದೇ ತಡ, ನನ್ನ ಮಾರುದ್ದದ ಜಡೆ ಮೋಟಾರಿನ ಪೈಪಿಗೆ ಬಿಗಿದ ತಂತಿಗೆ ಸಿಕ್ಕಿತು. ಕಲಿತದ್ದೆಲ್ಲ ಮರೆತು ಜಗ್ಗಿದೆ. ಜಗ್ಗಿದಷ್ಟೂ ಬಿಗಿಯಿತು... ಆಮೇಲೆ ಯಾರೋ ನನ್ನ ತೋಳು ಹಿಡಿದದ್ದು, ಕತ್ತಿನ ಹಿಂದೆ ಏನೋ ಕರಕರ ಎಂದದ್ದು, ಕಣ್ಣಿಗೆ ಬೆಳಕು ಹೊಡೆದದ್ದು ಅಷ್ಟೇ ನೆನಪು. ಖಾಲಿ ಟ್ಯೂಬು ತೇಲುವುದನ್ನು ಕಂಡು ಕಾಕಾ ಹಾರಿದ್ದರು.

ಅಜ್ಜಿ ಎದ್ದು ಬಂದಾಗ ನಾನು ಕಟ್ಟೆಯ ಮೇಲೆ ಕೆಮ್ಮುತ್ತಿದ್ದೆ. ಅವರ ಕಣ್ಣು ಮೊದಲು ಹೋದದ್ದು ಮೋಟು ಜಡೆಯ ಕಡೆ. ಹುಟ್ಟಿದಾಗಿನಿಂದ ತಾವೇ ಎಣ್ಣೆ ಹಚ್ಚಿ ಬೆಳೆಸಿದ ಕೂದಲು.

"ಇದನ್ಯಾರು ಮಾಡಿದ್ರು?"

"ಕಾಕಾ ಕತ್ತರಿಸಿದ್ರು" ಅಂದೆ. ಅಷ್ಟೇ ಅಂದೆ. ಒಬ್ಬಳೇ ಇಳಿದದ್ದು ಹೇಳಿದರೆ ಈಜು ಅಂದಿಗೇ ಮುಗಿಯುತ್ತಿತ್ತು.

"ನಿನ್ನ ನಂಬಿ ಹುಡುಗೀನ್ನ ನೀರಿಗೆ ಬಿಟ್ಟೆ. ಖಬರ್ ಇಲ್ಲೇನು ನಿನಗ? ಇನ್ನ ಮ್ಯಾಲ ನಮ್ಮ ಬಾವಿ ಕಡೆ ಬರಬ್ಯಾಡ" ಎಂದರು ಅಜ್ಜಿ.

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ತಪ್ಪಾತ್ರಿ ಅಮ್ಮಾರ" ಎಂದು ಪಾತಾಳಗರಡಿ ಹೆಗಲಿಗೆ ಹಾಕಿಕೊಂಡು ಹೋದರು. ಮತ್ತೆ ಆ ಹಿತ್ತಲಿಗೆ ಬರಲಿಲ್ಲ. ಟ್ಯೂಬು ಮಾತ್ರ ಅಲ್ಲೇ ಉಳಿಯಿತು. ಮುಂದೆ ಅಪ್ಪ ನನ್ನನ್ನು ಧಾರವಾಡದ ಈಜುಕೊಳಕ್ಕೆ ಸೇರಿಸಿದರು, ಅಲ್ಲಿಂದ ನಾನು ಸಮುದ್ರದವರೆಗೂ ಬಂದೆ. ನಾನು ಒಬ್ಬಳೇ ಇಳಿದಿದ್ದೆ ಎಂಬ ಒಂದು ಮಾತು ಅವರು ಅಂದು ಆಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಹೋದ ವರ್ಷ ನೀರಿನಡಿ ನನ್ನ ಸಿಲಿಂಡರಿನ ತುದಿ ಬಲೆಗೆ ಸಿಕ್ಕಿತು. ಕೈಕಾಲು ತಾವಾಗಿಯೇ ಸುಮ್ಮನಾದವು. ಜೊತೆಗಿದ್ದ ಗೆಳತಿ ಬಂದು ಕತ್ತರಿಸುವವರೆಗೆ ನಿಂತೇ ಇದ್ದೆ. ಆ ವಾರವೇ ಉಗರಗೋಳಕ್ಕೆ ಹೋದೆ. ತಡವಾಗಿತ್ತು. ಅಜ್ಜಿಯಂತೂ ಎಂದೋ ಹೋಗಿದ್ದರು, ಕಾಕಾ ತೀರಿಕೊಂಡೂ ಎರಡು ವರ್ಷವಾಗಿತ್ತು. ಅವರ ಹೆಂಡತಿಯ ಮುಂದೆ ಕುಳಿತು, ಅಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿ ಅತ್ತೆ.

ಕಾಕು ಚಹಾದ ಕಪ್ಪನ್ನು ನನ್ನತ್ತ ಸರಿಸಿದರು. "ನನಗ ಗೊತ್ತಿತ್ತವ್ವಾ. ಅಮ್ಮಾರಿಗೆ ಖರೇನ ಹೇಳ್ಬಾರದೇನು ಅಂತ ಆವತ್ತ ನಾನೂ ಜಗಳಾ ತಗದಿದ್ದೆ. 'ಹೇಳಿದ್ರ ಆಕೀನ್ನ ನೀರಿಗೆ ಬಿಡೂದಿಲ್ಲ. ಹುಡುಗಿ ಚಲೋ ಈಸ್ತಾಳ, ಬಿಡು' ಅಂದ್ರು. ಅವ್ರು ಅಂದದ್ದು ಅಷ್ಟ." ನನ್ನ ತಲೆ ಸವರಿ ನಕ್ಕರು. "ಕೂದ್ಲ ಮತ್ತ ಬಂದಾವಲ್ಲ!"

ಬಂದಿವೆ. ಈಗ ನಾನೇ ಗಿಡ್ಡ ಮಾಡಿಸಿಕೊಂಡಿದ್ದೇನೆ.

ಚೀಲ ತುಂಬಿ ಆಯಿತು, ಚಾಕು ಮೇಲ್ಗಡೆಯೇ ಇದೆ. ನಾಳೆ ದೋಣಿಯ ಅಂಚಿಗೆ ಕುಳಿತಾಗ ಎಂದಿನಂತೆ ಕೇಳುತ್ತೇನೆ, "ಹಗ್ಗ ಯಾರ ಕೈಯಾಗ ಐತಿ?" ನಮ್ಮಲ್ಲಿ ಹಗ್ಗವೇ ಇಲ್ಲ, ಕರಾವಳಿಯ ಗೆಳತಿಗೆ ನನ್ನ ಮಾತೇ ತಮಾಷೆ. ಆದರೂ "ನನ್ನ ಕೈಯಾಗ ಐತಿ" ಎಂದು ಗಟ್ಟಿಯಾಗಿ ಅನ್ನುತ್ತಾಳೆ. ಅದನ್ನು ಕೇಳಿಸಿಕೊಂಡೇ ನಾನು ಇಳಿಯುವುದು.

ಕಾಕಾ ಜೀವಮಾನವಿಡೀ ಹಾಗೇ ಇಳಿದರು. ಕೇಳದೆ ಇಳಿದದ್ದು ಒಂದೇ ಸಲ, ಆ ಮಧ್ಯಾಹ್ನ. ಕೇಳಲು ಮೇಲೆ ಯಾರೂ ಇರಲಿಲ್ಲ.