ಜೆರ್ಸಿ ತೊಟ್ಟ ಮೊದಲ ಪಂದ್ಯ

ಮೂರು ವರ್ಷದ ಹಿಂದೆ ನಾನು ಅರಸೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೆ. ರಜಾದಿನಗಳಲ್ಲಿ ಸುತ್ತಮುತ್ತಲ ಕಬಡ್ಡಿ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದೆ. ಒಂದು ಭಾನುವಾರ ಹೋದದ್ದು ಹಾರನಹಳ್ಳಿ ಕಡೆಯ ಒಂದು ಊರಿಗೆ. ಊರಿನ ಹೆಸರು ಬೇಡ.

ಅಲ್ಲಿಯವರು ಅದುವರೆಗೆ ಬರಿಮೈಯಲ್ಲಿ ಆಡಿದವರು. ಆ ವರ್ಷ ಕೊಬ್ಬರಿ ವ್ಯಾಪಾರಿ ರಂಗಪ್ಪನವರು ಎರಡೂ ತಂಡಕ್ಕೆ ಜೆರ್ಸಿ ಕೊಡಿಸಿದ್ದರು. ಜೆರ್ಸಿ ಎಂಬುದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಒಂದು ದ್ವೀಪ. ಅಲ್ಲಿನ ಮೀನುಗಾರರ ಉಣ್ಣೆಯಂಗಿಗೆ ದ್ವೀಪದ ಹೆಸರೇ ಅಂಟಿಕೊಂಡು, ಕೊನೆಗೆ ಆಟಗಾರರ ಅಂಗಿಗೂ ಅದೇ ಹೆಸರಾಯಿತು. ನಮ್ಮ ಕಡೆಗೆ ಆ ಹೆಸರು ಮೊದಲು ಬಂದದ್ದು ಹಸುವಿನ ಜೊತೆ.

ಕಬಡ್ಡಿಯಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗುವ ರೈಡರ್‌ನ ಕೈ, ಕಾಲು, ಸೊಂಟ ಹಿಡಿಯಬಹುದು, ಬಟ್ಟೆ ಹಿಡಿಯುವಂತಿಲ್ಲ. ಬಟ್ಟೆ ಹಿಡಿದರೆ ರೈಡರ್ ಔಟಲ್ಲ. ಬರಿಮೈಯಲ್ಲಿ ಆಡುವವರಿಗೆ ಈ ನಿಯಮದ ಗೊಡವೆಯೇ ಇರಲಿಲ್ಲ.

ಗಂಡಸಿ ಎಂಬ ಊರಿನ ಕಡೆಯಿಂದ ಬಂದ ತಂಡಕ್ಕೆ ಇಪ್ಪತ್ತೆರಡು ಅಂಕ, ಈ ಊರಿನ ತಂಡಕ್ಕೆ ಇಪ್ಪತ್ತೊಂದು. ಕೊನೆಯ ರೈಡ್ ಗಂಡಸಿಯವರದು. ರೈಡರ್ ಸಿಕ್ಕಿಬಿದ್ದರೆ ಸಮ. ಅವನು ವಾಪಸ್ ತಿರುಗಿದಾಗ ಊರಿನ ಮಂಜ ಹಿಂದಿನಿಂದ ಜೆರ್ಸಿಗೆ ಕೈಹಾಕಿ ಎಳೆದ. ಜೆರ್ಸಿ ಪರ್ರನೆ ಹರಿಯಿತು. ರೈಡರ್ ಮಕಾಡೆ ಬಿದ್ದ, ಉಳಿದವರು ಅವನ ಮೇಲೆ ಬಿದ್ದರು. ನಾನು ವಿಷಲ್ ಊದಿ "ನಾಟ್ ಔಟ್" ಎಂದೆ. ಆಟ ಮುಗಿಯಿತು.

"ಹಸು ಹಿಡ್ದಂಗೆ ಹಿಡ್ದವ್ನೆ, ಔಟ್ ಅಲ್ವಂತೆ! ಏನ್ಲಾ ಇದು?" ಎಂದು ಒಬ್ಬ ಕೂಗಿದ.

"ಈಯಮ್ಮಂಗೆ ಗಂಡಸಿಯೋರು ಬಾಡೂಟ ಹಾಕ್ಸವ್ರೆ ಕಣ್ಲಾ!" ಎಂದ ಇನ್ನೊಬ್ಬ.

ನಗು ಎದ್ದಿತು, ಹಿಂದೆಯೇ ಜನ ನುಗ್ಗಿದರು. ಗಂಡಸಿ ತಂಡ ಟೆಂಪೋ ಹತ್ತಿ ಹೋಗಿಬಿಟ್ಟಿತು. ಸ್ಕೋರ್ ಬರೆಯುವ ಮೇಜಿನ ಮೇಲಿಟ್ಟಿದ್ದ ನನ್ನ ಸ್ಕೂಟರ್ ಕೀ ಕಾಣೆಯಾಗಿತ್ತು. ರಂಗಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮೇಡಂ, ನಮ್ಮೂರಿಗೆ ಒಂದು ಪಾಯಿಂಟ್ ಬರ್ದುಬಿಡಿ. ಕೈಲಿ ಕಲ್ಲೈತೆ ಅವ್ರಿಗೆ. ನಾ ಹೇಳಿದ್ರೂ ಕೇಳಾಕಿಲ್ಲ."

ನಾನು ಬರೆಯಲಿಲ್ಲ. ಧೈರ್ಯದಿಂದಲ್ಲ; ನಾನಿನ್ನೂ ಕೀ ಹುಡುಕುತ್ತಿದ್ದೆ. ಒಂದು ಕಲ್ಲು ಬಂದು ನನ್ನ ಹಿಂದಿನ ಸ್ಕೋರ್ ಬೋರ್ಡಿಗೆ ಬಡಿಯಿತು. ಆ ಸದ್ದು ಇಂದಿಗೂ ನನ್ನನ್ನು ಎಬ್ಬಿಸುತ್ತದೆ.

ಆಗ ಜನರನ್ನು ತಳ್ಳಿಕೊಂಡು ಮಂಜ ಬಂದ. ಒಂದು ಕೈಯಲ್ಲಿ ಹರಿದ ಬಟ್ಟೆಯ ಚೂರು, ಇನ್ನೊಂದರಲ್ಲಿ ನನ್ನ ಕೀ. ಕೀಯನ್ನು ಸ್ಕೋರ್ ಶೀಟಿನ ಮೇಲೆ ಕುಕ್ಕಿದ.

"ಹಿಡ್ದಿದ್ದು ನಿಜ. ಬಟ್ಟೆ ಹಿಡೀಬಾರ್ದು ಅಂತ ಮೊದ್ಲೇ ಹೇಳಾಕೆ ನಿಮಗೇನಾಗಿತ್ತು? ಹೋಗಿ. ಇನ್ನೊಂದ್ಸಲ ಈ ಕಡೆ ಬರ್ಬ್ಯಾಡಿ."

ನಾನು ಕೀ ಎತ್ತಿಕೊಂಡು ಹೊರಟೆ. ಪಂದ್ಯಕ್ಕೆ ಮುಂಚೆ ಆ ಊರಿನ ಹುಡುಗರು ಪ್ಲಾಸ್ಟಿಕ್ ಕವರ್ ಹರಿದು, ಹೊಸ ಜೆರ್ಸಿ ತೊಟ್ಟು, ಒಬ್ಬರದನ್ನೊಬ್ಬರು ಜಗ್ಗಿ ನಗುತ್ತಿದ್ದುದನ್ನು ನೋಡಿದ್ದೆ. ಹೊತ್ತಾಯಿತೆಂದು ಸುಮ್ಮನೆ ವಿಷಲ್ ಊದಿದ್ದೆ.

ತೀರ್ಪು ಸರಿಯಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊನೆಯ ನಿಮಿಷದಲ್ಲಿ ಮೊದಲ ಸಲ ಕೇಳಿದ ನಿಯಮ ಆಟಗಾರನಿಗೆ ಮೋಸದಂತೆಯೇ ಕಾಣುತ್ತದೆ. ಈಗ ಟಾಸ್‌ಗೆ ಮುಂಚೆ ಇಬ್ಬರೂ ನಾಯಕರ ಜೆರ್ಸಿಯ ಅಂಚು ಹಿಡಿದು ಜಗ್ಗಿ ತೋರಿಸುತ್ತೇನೆ. ಹುಡುಗರು ನಗುತ್ತಾರೆ. ನಗಲಿ. ಸ್ಕೂಟರ್ ಕೀ ಮಾತ್ರ ಮೇಜಿನ ಮೇಲೆ ಇಡುವುದಿಲ್ಲ.